ದಾವಣಗೆರೇಲಿ ಕಂಪ್ಯೂಟರ್ ಕೆಟ್ರೆ ಮೊದ್ಲು ನಮ್ ಮಾತು ಕೇಳೋ ಅಂಗಡಿ

ನಮ್ಮನೆ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿ ಅಡುಗೆಮನೆಗೆ ಹೋಗಿ ಉಪ್ಪಿಟ್ಟು ಕೆದಕಿ ಇಳಿಸಿ ಬಂದ್ರೂ ಸ್ಕ್ರೀನಲ್ಲಿ ಆ ಚುಕ್ಕಿ ಇನ್ನೂ ಸುತ್ತು ಹೊಡೀತಾನೇ ಇರ್ತಿತ್ತು. 2016ರಲ್ಲಿ ತಗೊಂಡಿದ್ದು, ಆರನೇ ಜನರೇಷನ್ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನಾನು ಮನೇಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳ್ತೀನಿ, ಪ್ರಶ್ನೆ ಪತ್ರಿಕೆ ಎಲ್ಲಾ ಅದ್ರಲ್ಲೇ ಟೈಪ್ ಮಾಡೋದು, ಮಗಳ ಪಿಯುಸಿ ನೋಟ್ಸು ಅದ್ರಲ್ಲೇ, ಅಪ್ಪಾಜಿ ತೀರ್ಕೊಳ್ಳೋಕ್ ಮುಂಚೆ ವಚನ ಹೇಳಿದ್ದು ಫೋನಲ್ಲಿ ರೆಕಾರ್ಡ್ ಮಾಡಿದ್ನಲ್ಲ ಅದೂ ಅದ್ರಲ್ಲೇ. ಹಾಗಾಗಿ ಇದನ್ನ ಯಾರ ಕೈಗಾದ್ರೂ ಕೊಡ್ಬೇಕು ಅಂದ್ರೆ ನಂಗೆ ಹೊಟ್ಟೇಲಿ ಸಂಕ್ಟ ಶುರುವಾಗ್ತಿತ್ತು.

ಯಾಕೆ ಅಂದ್ರೆ ನಾಲ್ಕು ವರ್ಷದ ಹಿಂದೆ ಒಂದ್ಸಲ ಕೊಟ್ಟು ಅನುಭವಿಸಿದೀನಿ. ಯಾವ ಅಂಗಡಿ ಅಂತ ಬರೆಯಲ್ಲ. ಸೌಂಡ್ ಬರ್ತಿಲ್ಲ ಅಂತ ತಗೊಂಡ್ ಹೋಗಿದ್ದು, ಸಂಜೆ ಬಾ ಅಂದ್ರು, ಸಂಜೆ ಹೋದ್ರೆ "ಫಾರ್ಮ್ಯಾಟ್ ಹೊಡ್ದಿದೀವಿ ಮೇಡಂ, ಈಗ ಹೊಸದ್ರಂಗೆ ಆಗೈತಿ" ಅಂದ್ರು. ಸೌಂಡ್ ಬಂತು. ತಮ್ಮನ ಮದುವೆ ಫೋಟೋ ಪೂರ್ತಿ ಹೋಯ್ತು, ಇನ್ನೊಂದು ಕಾಪಿ ಎಲ್ಲೂ ಇರ್ಲಿಲ್ಲ. ಕೇಳಿದ್ರೆ "ನೀವು ಹೇಳ್ಲಿಲ್ವಲ್ಲ" ಅಂತ ಅಂದ್ರು. ಅವ್ರು ಕೇಳ್ಲಿಲ್ಲ, ನಂಗೆ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಆ ಒಂದು ಮಾತು ಇವತ್ತಿಗೂ ಕೊರೀತದೆ. ಈ ಸಲ ಬೇರೆ ಒಂದ್ಕಡೆ ಬರೀ ವಿಚಾರಿಸೋಣ ಅಂತ ಹೋದ್ರೆ, ಸಿಪಿಯು ನೋಡೂ ಇಲ್ಲ, "ಮದರ್‌ಬೋರ್ಡ್ ಹೋಗಿರತ್ತೆ, ಹಳೇದು ಕೊಟ್ಟು ಹೊಸಾದು ತಗೊಳ್ಳಿ" ಅಂತ ಮೂವತ್ತೆರಡು ಸಾವಿರದ ಕೊಟೇಷನ್ ಕೈಗೆ ಕೊಟ್ರು.

ಆಮೇಲೆ ಟ್ಯೂಷನ್‌ಗೆ ಬರೋ ಹುಡುಗನ ಅಮ್ಮ ಹೇಳಿದ್ದು ಈ ಅಂಗಡಿ. ಪಿ.ಜೆ. ಬಡಾವಣೆ, ರಾಮ್ ಅಂಡ್ ಕೋ ಸರ್ಕಲ್‌ನಿಂದ ಒಳಗಿನ ರಸ್ತೇಲಿ, ಕೆಳಗೆ ಜೆರಾಕ್ಸ್ ಅಂಗಡಿ, ಮೇಲಿನ ಮಹಡೀಲಿ ಇವ್ರು. ಬೋರ್ಡಲ್ಲಿ ಬರೀ 'ಕಂಪ್ಯೂಟರ್ ಸರ್ವೀಸ್' ಅಂತಷ್ಟೇ ಇದೆ, ಹುಡುಕ್ಬೇಕಾಗತ್ತೆ. ಒಬ್ರೇ ಅಣ್ಣ, ಜೊತೆಗೆ ಕೆಲಸ ಕಲೀತಿರೋ ಒಬ್ಬ ಹುಡುಗ. ಹಗಲು ಪೂರ್ತಿ ರಿಪೇರಿ ಮಾಡ್ತಾರೆ, ಸಂಜೆ ಐದೂವರೆಯಿಂದ ಏಳರವರೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ಬರೀ ಬಂದವ್ರ ಪ್ರಶ್ನೆಗೆ ಉತ್ತರ ಹೇಳ್ತಾರೆ, ಅದಕ್ಕೆ ದುಡ್ಡಿಲ್ಲ. ಸಿಪಿಯು ತಗೊಂಡ್ ಹೋಗ್ಬೇಕು ಅಂತಾನೂ ಇಲ್ಲ. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದಾರೆ, ಸರದಿ ಪ್ರಕಾರ ಕೂತ್ಕೊಂಡು ಕೇಳೋದು, ಬೇರೆಯವ್ರಿಗೆ ಹೇಳೋದು ನಮ್ಗೂ ಕೇಳ್ಸತ್ತೆ. ನಾನು ಇದುವರೆಗೆ ಆರು ಸಲ ಹೋಗಿದೀನಿ, ಅದ್ರಲ್ಲಿ ಎರಡು ಸಲ ಮಾತ್ರ ದುಡ್ಡು ಕೊಟ್ಟಿರೋದು.

ಮೊದಲ್ನೇ ದಿನ ನಾನು "ಅಣ್ಣಾರೆ, ಕಂಪ್ಯೂಟರ್ ಭಾಳ ಸ್ಲೋ, ಆಗಾಗ ನೀಲಿ ಸ್ಕ್ರೀನ್ ಬಂದು ಏನೇನೋ ಬರತ್ತೆ" ಅಂದೆ. ಅವ್ರು ಉದ್ದ ನೋಟ್‌ಬುಕ್ ತೆಗೆದ್ರು. "ಏನೇನೋ ಅಂದ್ರೆ ನಂಗೆ ಗೊತ್ತಾಗಲ್ಲ ಅಕ್ಕಾರೆ, ಕೆಳಗಡೆ ಒಂದು ಸಾಲು ಇಂಗ್ಲಿಷಲ್ಲಿ ಬಂದಿರತ್ತೆ ನೋಡ್ರಿ, ಅದೇ ಬೇಕು, ಇನ್ನೊಂದ್ಸಲ ಬಂದ್ರೆ ಆಫ್ ಮಾಡೋಕ್ ಮುಂಚೆ ಫೋನಲ್ಲಿ ಫೋಟೋ ಹೊಡ್ಕೊಂಡ್ ಬನ್ರಿ" ಅಂದ್ರು. ಆಮೇಲೆ ಕೇಳ್ತಾ ಹೋದ್ರು, ಕಡೇ ಸಲ ಸರಿಯಾಗಿ ಓಡಿದ್ದು ಯಾವಾಗ, ಅದಾದ್ಮೇಲೆ ಹೊಸದಾಗಿ ಏನ್ ಹಾಕಿದ್ರಿ, ಕರೆಂಟ್ ಹೋದಾಗ ಯುಪಿಎಸ್ ಹಿಡೀತದಾ ಇಲ್ಲ ಧಡ್ ಅಂತ ಆಫ್ ಆಗತ್ತಾ, ಒಳಗಿಂದ ಏನಾದ್ರೂ ಸೌಂಡ್ ಬರತ್ತಾ. ಎಲ್ಲಾ ಬರ್ಕೊಂಡ್ರು. ಕೊನೇಗೆ ಪೆನ್ ಕೆಳಗಿಟ್ಟು ಕೇಳಿದ್ರು: "ಇದ್ರೊಳಗೆ ಕಳ್ಕೊಂಡ್ರೆ ಮತ್ತೆ ಸಿಗ್ದೇ ಇರೋದು ಏನೈತಿ?"

ಆ ಪ್ರಶ್ನೆ ಕೇಳಿ ನಂಗೆ ಗಂಟಲು ಕಟ್ತು. ಅಪ್ಪಾಜಿ ರೆಕಾರ್ಡಿಂಗ್ ಐತಿ ಅಂದೆ. ಅದನ್ನೂ ಬರ್ಕೊಂಡ್ರು, ಕೆಳಗೆ ಎರಡು ಗೆರೆ ಎಳೆದ್ರು. ಇಷ್ಟು ಮಾಡೋಕೆ ಅವ್ರಿಗೆ ಹತ್ತು ಸೆಕೆಂಡ್ ಹಿಡೀಲಿಲ್ಲ. ಇದೇ ಹತ್ತು ಸೆಕೆಂಡ್ ನಾಲ್ಕು ವರ್ಷದ ಹಿಂದೆ ಒಬ್ರು ಕೊಟ್ಟಿದ್ರೆ ತಮ್ಮನ ಮದುವೆ ಫೋಟೋ ಇವತ್ತು ಇರ್ತಿತ್ತು. ನಾನು ಈ ಅಂಗಡಿ ಬಗ್ಗೆ ಕೂತು ಬರೀತಿರೋದೇ ಇದಕ್ಕೆ.

ಮಾರನೇ ದಿನ ಆಟೋದಲ್ಲಿ ಸಿಪಿಯು ಹಾಕ್ಕೊಂಡ್ ಹೋದೆ. ನನ್ ಕಣ್ಮುಂದೇನೇ ಆನ್ ಮಾಡಿ, ಯಾವ ಭಾಗ ಎಷ್ಟು ದುಡೀತಿದೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಿದ್ರು, ಪ್ರೊಸೆಸರ್ ಹತ್ತು ಪರ್ಸೆಂಟೂ ಇಲ್ಲ, ಡಿಸ್ಕ್ ಮಾತ್ರ 100 ಪರ್ಸೆಂಟ್ ಕೆಂಪಗೆ ನಿಂತಿದೆ. "ನೋಡ್ರಿ, ಮದರ್‌ಬೋರ್ಡ್ ಹೋಗಿದ್ರೆ ಇಷ್ಟು ದೂರ ಬರ್ತಾನೇ ಇರ್ಲಿಲ್ಲ, ಮೆದುಳು ಖಾಲಿ ಕೂತೈತಿ, ಕೈ ಓಡ್ತಿಲ್ಲ" ಅಂದ್ರು. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಹಾಕಿದ್ರು, ಫ್ರೀ ಸಾಫ್ಟ್‌ವೇರ್, ಯಾರ್ ಬೇಕಾದ್ರೂ ಮನೇಲೇ ಹಾಕಿ ನೋಡ್ಬಹುದು. ಡಿಸ್ಕ್ ಚೆನ್ನಾಗಿದ್ರೆ ನೀಲಿ ಬಣ್ಣದಲ್ಲಿ 'ಗುಡ್' ಅಂತ ಬರತ್ತೆ, ನಮ್ದು ಹಳದೀಲಿ 'ಕಾಷನ್' ಅಂತ ಬಂತು. ಕೆಳಗಿನ ಪಟ್ಟೀಲಿ ಪೆಂಡಿಂಗ್ ಸೆಕ್ಟರ್ ಅನ್ನೋ ಸಾಲಿನ ಮೇಲೆ ಬೆರಳಿಟ್ಟು ಹೇಳಿದ್ರು, ಡಿಸ್ಕು ಓದೋಕೆ ಹೋಗಿ ಓದೋಕಾಗ್ದೆ ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟಿರೋ ಜಾಗಗಳು ಇವು, ಅಲ್ಲಿಗೆ ಬಂದಾಗೆಲ್ಲಾ ಹತ್ತಾರು ಸಲ ಪ್ರಯತ್ನ ಮಾಡತ್ತೆ, ಅಷ್ಟೊತ್ತು ನಿಮ್ ಸ್ಕ್ರೀನ್ ಅಲ್ಲಾಡದಂಗೆ ನಿಲ್ಲತ್ತೆ ಅಂತ.

ಅಲ್ಲೇ ಕುರ್ಚೀಲಿ ಒಬ್ರು ಅಜ್ಜಾರು ಮೊಮ್ಮಗನ ಲ್ಯಾಪ್‌ಟಾಪ್ ಇಟ್ಕೊಂಡ್ ಕೂತಿದ್ರು, ಹಿಂದೆ ಇಲ್ಲಿ ಹತ್ತಿ ಗಿರಣೀಲಿ ಕೆಲಸ ಮಾಡಿದವ್ರಂತೆ. ನಮ್ ಸಿಪಿಯು ಇಂದ ಬರ್ತಿದ್ದ ಟಿಕ್ ಟಿಕ್ ಸೌಂಡ್ ಕೇಳಿ "ಏನ್ ತಮ್ಮಾ, ಅದ್ರೊಳಗೇನ್ ತಿರುಗ್ತೈತಾ?" ಅಂತ ಕೇಳಿದ್ರು. ಹೌದು ಅಜ್ಜಾರೆ, ತಟ್ಟೆ ಐತಿ, ನಿಮಿಷಕ್ಕೆ 7200 ಸುತ್ತು ಅಂದ್ರು ಅಣ್ಣ. ಅಜ್ಜಾರು ಒಂದ್ನಿಮಿಷ ಕಿವಿಗೊಟ್ಟು ಕೂತು "ಮಿಲ್ಲಾಗೆ ಸ್ಪಿಂಡಲ್ ಸೌಂಡ್ ಮೇಲೇ ಹೇಳ್ತಿದ್ವಿ, ಇದು ಇವತ್ತು ನಾಳೆ ಹೋಗ್ತೈತಿ ಅಂತ, ಹಂಗೇ ಕೇಳ್ತೈತಿ ನೋಡು" ಅಂದ್ರು. ಅಣ್ಣ ತಕ್ಷಣ ನನ್ ಕಡೆ ತಿರುಗಿ, ಅಜ್ಜಾರು ಹೇಳಿದ್ದೇ ಸರಿ ಅಕ್ಕಾರೆ, ಹಿಂಗೆ ಸೌಂಡ್ ಬರೋ ಡಿಸ್ಕ್ ಮೇಲೆ ಚೆಕ್ ಡಿಸ್ಕ್, ಡಿಫ್ರ್ಯಾಗ್ ಅಂತ ಡಿಸ್ಕ್ ತಪಾಸಣೆ ಮಾಡೋದು, ಫೈಲ್ ಜೋಡಿಸೋದು ಏನೂ ಓಡಿಸ್ಬಾರ್ದು, ಇರೋ ಶಕ್ತಿ ಅದ್ರಲ್ಲೇ ಕಳೀತದೆ, ಮೊದ್ಲು ಡೇಟಾ ಆಚೆ ತೆಗೀಬೇಕು ಅಂತ ಹೇಳಿದ್ರು. ಇದು ಎಲ್ರಿಗೂ ಗೊತ್ತಿರ್ಬೇಕಾದ ಮಾತು. ನಾನು ಯೂಟ್ಯೂಬ್ ನೋಡಿ ಎರಡು ಸಲ ಡಿಫ್ರ್ಯಾಗ್ ಮಾಡಿದ್ದೆ.

ಅವತ್ತು ಮೊದ್ಲು ಕಾಪಿ ಆಗಿದ್ದು ಅಪ್ಪಾಜಿ ರೆಕಾರ್ಡಿಂಗ್ ಫೋಲ್ಡರ್, ಪೆನ್‌ಡ್ರೈವ್‌ಗೆ ಹಾಕಿ ಹೆಡ್‌ಫೋನ್ ಕೊಟ್ಟು "ಕೇಳಿ ನೋಡ್ರಿ, ಸರಿಯಾಗಿ ಬಂದೈತಾ" ಅಂದ್ರು. ಅಷ್ಟು ಜನದ ನಡುವೆ ಅಪ್ಪಾಜಿ ದನಿ. ಮಿಕ್ಕಿದ್ದೆಲ್ಲಾ ಕಾಪಿ ಆಗೋಕೆ ರಾತ್ರಿ ಪೂರ್ತಿ ಹಿಡೀತಂತೆ, ಕೆಲವು ಹಳೇ ಸಿನಿಮಾ ಫೈಲ್ ಬರ್ಲಿಲ್ಲ, ಯಾವ್ಯಾವು ಬರ್ಲಿಲ್ಲ ಅಂತ ಚೀಟೀಲಿ ಬರೆದುಕೊಟ್ರು. ಹಳೇ ಡಿಸ್ಕ್ ಬದ್ಲು 480 ಜಿಬಿ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್, ಕೆಲಸದ ಚಾರ್ಜು ಎಲ್ಲಾ ಸೇರಿ ಐದು ಸಾವಿರದ ಒಳಗೆ ಮುಗೀತು, ಬಿಲ್ ಕೊಟ್ರು, ಹಳೇ ಡಿಸ್ಕನ್ನೂ ವಾಪಸ್ ಕೊಟ್ರು. ಅದು ಆಗಿನ ರೇಟು, ಈಗ ರ‍್ಯಾಮು ಎಸ್‌ಎಸ್‌ಡಿ ಎರಡೂ ಏರಿದೆ ಅಂತ ಅವ್ರೇ ಹೇಳ್ತಿದ್ರು, ಹಾಗಾಗಿ ಇದೇ ರೇಟ್ ಕೇಳ್ಕೊಂಡ್ ಹೋಗ್ಬೇಡಿ. ಎಸ್‌ಎಸ್‌ಡಿ ಒಳಗೆ ತಿರುಗೋ ತಟ್ಟೆ ಇಲ್ಲ, ಚಿಪ್ ಅಷ್ಟೇ, ಅದಕ್ಕೇ ಬೇಗ. ಈಗ ಪವರ್ ಬಟನ್ ಒತ್ತಿ ಕುರ್ಚಿ ಎಳ್ಕೊಂಡು ಕೂರೋಷ್ಟ್ರಲ್ಲಿ ಡೆಸ್ಕ್‌ಟಾಪ್ ಬಂದಿರತ್ತೆ. ಹತ್ತು ವರ್ಷದ ಹತ್ರದ ಮಷಿನು, ಸ್ಕ್ರ್ಯಾಪ್ ಅಂತ ಹೇಳಿದ್ದು.

ನನ್ ಕೆಲಸ ಮುಗಿದ್ಮೇಲೂ ಆ ಸಂಜೆ ಹೊತ್ತಿಗೆ ಹೋಗಿ ಕೂತಿದೀನಿ, ಬೇರೆಯವ್ರ ಪ್ರಶ್ನೆ ಕೇಳಿ ಕಲಿಯೋದು ತುಂಬಾ ಇರತ್ತೆ. ವಿನೋಬನಗರದ ಒಬ್ರು, ಯಾವ ವೆಬ್‌ಸೈಟ್ ತೆಗೆದ್ರೂ 'ಸೇಫ್ ಅಲ್ಲ' ಅಂತ ಬರ್ತಿದೆ, ಇಂಟರ್ನೆಟ್‌ನವ್ರಿಗೆ ಮೂರು ಸಲ ಕಂಪ್ಲೇಂಟ್ ಕೊಟ್ಟೆ ಅಂತ ಬಂದಿದ್ರು. ಅಣ್ಣ ಕೇಳಿದ್ದು ಒಂದೇ, ಮೂಲೇಲಿ ತಾರೀಖು ಏನ್ ತೋರಿಸ್ತದೆ? ನೋಡಿದ್ರೆ 2015 ಜನವರಿ! ಮದರ್‌ಬೋರ್ಡಲ್ಲಿ ನಾಣ್ಯದ ತರ ಒಂದು ಬ್ಯಾಟರಿ ಇರತ್ತೆ, ಸಿಆರ್ 2032, 3 ವೋಲ್ಟಿಂದು, ಅದು ಖಾಲಿಯಾದ್ರೆ ಪ್ಲಗ್ ತೆಗೆದಾಗೆಲ್ಲಾ ಕಂಪ್ಯೂಟರ್ ತಾರೀಖು ಮರೀತದೆ. ವೆಬ್‌ಸೈಟಿನ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರತ್ತಲ್ಲ, ಕಂಪ್ಯೂಟರ್ ಇನ್ನೂ 2015ರಲ್ಲೇ ಕೂತಿದ್ರೆ ಇದು ನಡೆಯೋ ಸರ್ಟಿಫಿಕೇಟೇ ಅಲ್ಲ ಅನ್ನತ್ತೆ. ಐವತ್ತು ರೂಪಾಯೊಳಗೆ ಸರಿಹೋಯ್ತು.

ಮಂಡಕ್ಕಿ ಭಟ್ಟಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಸಿಪಿಯು ಇಪ್ಪತ್ತು ನಿಮಿಷ ಓಡಿ ತಾನೇ ಆಫ್ ಆಗತ್ತೆ ಅಂತ. ಪಕ್ಕದ ತಗಡು ಬಿಚ್ಚಿದ್ರೆ ಒಳಗೆ ಪೂರ್ತಿ ಕರಿ ಮಸಿ, ಪ್ರೊಸೆಸರ್ ಮೇಲಿನ ಫ್ಯಾನಿನ ಎಲೆ ಕಾಣ್ತಿಲ್ಲ, ಕೆಳಗಿನ ಅಲ್ಯೂಮಿನಿಯಂ ಸಂದಿಯೆಲ್ಲಾ ಕಂಬಳಿ ಹೊದ್ದಂಗೆ ಮುಚ್ಕೊಂಡಿತ್ತು. ಬಿಸಿ ಜಾಸ್ತಿ ಆದ್ರೆ ಪ್ರೊಸೆಸರ್ ಸುಡಬಾರ್ದು ಅಂತ ತಾನೇ ಆಫ್ ಆಗೋದು, ಅದು ಕೆಟ್ಟಿಲ್ಲ ಅಂತ ಹೇಳಿ ಬ್ಲೋಯರ್ ಹಿಡ್ದು ಊದಿದ್ರು. ಊದೋವಾಗ ಫ್ಯಾನನ್ನ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ರು, ಗಾಳಿಗೆ ಜೋರಾಗಿ ತಿರುಗಿದ್ರೆ ಬೇರಿಂಗ್ ಹಾಳಾಗತ್ತೆ ಅಂತ. ಪ್ರೊಸೆಸರ್ ಬಿಸಿಯನ್ನ ಮೇಲಿನ ಅಲ್ಯೂಮಿನಿಯಂಗೆ ದಾಟಿಸೋ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ ಆಗಿತ್ತು, ಒರೆಸಿ ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹೊಸಾದು ಇಟ್ರು. ಸಿಪಿಯು ನೆಲದ ಮೇಲೆ ಇಡಬೇಡ, ಕಿಟಕಿ ಪಕ್ಕ ಇಡಬೇಡ, ಮೂರ್ ತಿಂಗಳಿಗೊಮ್ಮೆ ಊದಿಸು, ಅಷ್ಟೇ.

ನಂಗೆ ಅತಿ ಖುಷಿ ಆಗಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ವಿಷ್ಯ. ರಿಟೈರ್ಡ್ ಕನ್ನಡ ಮೇಷ್ಟ್ರು ಒಬ್ರು, ಇಪ್ಪತ್ತು ವರ್ಷದಿಂದ ಟೈಪ್ ಮಾಡಿಟ್ಟ ಜಾನಪದ ಹಾಡಿನ ಫೈಲೆಲ್ಲಾ ಹೊಸ ಲ್ಯಾಪ್‌ಟಾಪಲ್ಲಿ ತೆಗೆದ್ರೆ ವೈರಸ್ ಬಂದಂಗೆ ಕಾಣ್ತಿದೆ ಅಂತ ಪ್ರಿಂಟ್ ತಂದಿದ್ರು. ಇಂಗ್ಲಿಷಿನ ಪಿ ಅಕ್ಷರ, ಪೌಂಡಿನ ಚಿಹ್ನೆ, ತಲೆ ಮೇಲೆ ಗೆರೆ ಇರೋ ಎ, ಹಿಂಗೇ ಸಾಲು ಸಾಲು. ಅವ್ರ ಕೈ ನಡುಗ್ತಿತ್ತು. ಅಣ್ಣ ಎದ್ದು ನಿಂತು "ಸಾರ್, ಒಂದಕ್ಷರಾನೂ ಹೋಗಿಲ್ಲ, ಹೆದರ್ಬೇಡ್ರಿ" ಅಂದ್ರು. ಹಳೇ ನುಡೀಲಿ ಟೈಪ್ ಮಾಡಿದಾಗ ಫೈಲೊಳಗೆ ಉಳಿಯೋದು ಇಂಗ್ಲಿಷ್ ಅಕ್ಷರದ ಕೋಡು, ನುಡಿ ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡತ್ತೆ, ಹೊಸ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಹಾಕಿದ್ರು, ಹಾಡು ಹಾಗೇ ಎದ್ದು ಬಂತು. ಆದ್ರೆ ಅಲ್ಲಿಗೆ ಬಿಡ್ಲಿಲ್ಲ, ವಾಟ್ಸಾಪಲ್ಲಿ ಕಳ್ಸಿದ್ರೆ ಮತ್ತೆ ಹಿಂಗೇ ಆಗತ್ತೆ, ಯುನಿಕೋಡ್‌ಗೆ ಕನ್ವರ್ಟ್ ಮಾಡಿಟ್ಕೊಳ್ಳಿ, ಅದ್ರಲ್ಲಿ ನುಡಿ ಫಾಂಟ್ ಇಲ್ದಿದ್ರೂ ಕನ್ನಡ ಕನ್ನಡವಾಗೇ ಕಾಣತ್ತೆ ಅಂತ ಹೇಳಿ ಒಂದು ಫೈಲ್ ಮಾಡಿ ತೋರಿಸಿದ್ರು, ಕನ್ವರ್ಟ್ ಆದ್ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರೋ ಪದ ಒಂದ್ಸಲ ಓದಿ ನೋಡ್ರಿ, ಹಳೇ ಫೈಲನ್ನ ಅಳಿಸ್ಬೇಡಿ ಅಂತಾನೂ ಹೇಳಿದ್ರು. ಮೇಷ್ಟ್ರು ದುಡ್ಡು ತೆಗೆದ್ರೆ ತಗೊಳ್ಲಿಲ್ಲ. ಕನ್ನಡದಲ್ಲಿ ಕಂಪ್ಯೂಟರ್ ಬಳಸೋರ ಕಷ್ಟ ಕನ್ನಡ ಟೈಪ್ ಮಾಡೋರಿಗೇ ಅರ್ಥ ಆಗೋದು, ಎಷ್ಟೋ ಕಡೆ ಇದಕ್ಕೆ ಫಾರ್ಮ್ಯಾಟ್ ಹೊಡೀತಾರೆ ನೋಡ್ರಿ.

ಆಗಲ್ಲ ಅನ್ನೋದನ್ನ ಆಗಲ್ಲ ಅಂತಾನೇ ಹೇಳ್ತಾರೆ, ಅದೂ ಮುಖ್ಯ. ಇಂಜಿನಿಯರಿಂಗ್ ಓದೋ ಹುಡುಗಿ ಒಬ್ಳು ಬಯಾಸ್ (ಆನ್ ಮಾಡಿದ ತಕ್ಷಣ ಮೊದ್ಲು ಓಡೋ ಸಾಫ್ಟ್‌ವೇರ್) ಅಪ್‌ಡೇಟ್ ಆದ್ಮೇಲೆ ಲ್ಯಾಪ್‌ಟಾಪ್ ಬಿಟ್‌ಲಾಕರ್ ಕೀ ಕೇಳ್ತಿದೆ ಅಂತ ಅಳ್ತಾ ಬಂದ್ಳು. ಬಿಟ್‌ಲಾಕರ್ ಅಂದ್ರೆ ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ, ಅದರ ಕೀ 48 ಅಂಕಿಯ ನಂಬರ್, ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಹಾಕಿದ ಮೈಕ್ರೋಸಾಫ್ಟ್ ಅಕೌಂಟಲ್ಲಿ ಸಾಮಾನ್ಯವಾಗಿ ಸೇವ್ ಆಗಿರತ್ತೆ, ಫೋನಲ್ಲೇ ಲಾಗಿನ್ ಆಗಿ ನೋಡ್ಬಹುದು. ಅವಳ ಮೇಲ್ ಐಡೀಲಿ ಇರ್ಲಿಲ್ಲ. "ಸೆಟಪ್ ಮಾಡ್ಕೊಟ್ಟಿದ್ದು ಯಾರು, ಅವ್ರ ಮೇಲ್ ಹಾಕಿರ್ಬಹುದು, ಕೇಳು ತಂಗಿ. ಆ ನಂಬರ್ ಸಿಗ್ಲಿಲ್ಲ ಅಂದ್ರೆ ಡೇಟಾ ನಾನೂ ತೆಗೆಯಕ್ಕಾಗಲ್ಲ, ಬೇರೆ ಯಾರೂ ತೆಗೆಯಕ್ಕಾಗಲ್ಲ, ತೆಗಿತೀನಿ ಅಂತ ದುಡ್ಡು ಕೇಳಿದ್ರೆ ಕೊಡಬೇಡ" ಅಂದ್ರು. ಅವಳ ಮಾವ ಮಾಡ್ಕೊಟ್ಟಿದ್ರಂತೆ, ಫೋನ್ ಮಾಡಿ ಅಲ್ಲೇ ನಂಬರ್ ತರಿಸಿದ್ಳು, ಎಲ್ಲಾ ಸಿಕ್ತು. ನೀವೂ ಇವತ್ತೇ ನೋಡಿಟ್ಕೊಳ್ಳಿ, ಕಾಗದದಲ್ಲಿ ಬರೆದು ಬೀರುವಲ್ಲಿಡಿ.

ಹಾಗೇ ಪೆನ್ಷನ್‌ದಾರರು ಒಬ್ರು, ಸ್ಕ್ರೀನ್ ತುಂಬಾ 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಬಂದು ಕೂಗ್ತಿದೆ ಅಂತ ಓಡಿ ಬಂದಿದ್ರು, ಪುಣ್ಯಕ್ಕೆ ಫೋನ್ ಮಾಡಿರ್ಲಿಲ್ಲ. ಅಣ್ಣ ಹೇಳಿದ್ದು: ಮೈಕ್ರೋಸಾಫ್ಟಿನ ನಿಜವಾದ ಎರರ್ ಮೆಸೇಜಲ್ಲಿ ಫೋನ್ ನಂಬರ್ ಇರೋದೇ ಇಲ್ಲ, ಟಾಸ್ಕ್ ಮ್ಯಾನೇಜರಿಂದ ಬ್ರೌಸರ್ ಮುಚ್ಚಿ, ಮತ್ತೆ ತೆಗೆದಾಗ ಹಳೇ ಪೇಜ್ ರಿಸ್ಟೋರ್ ಮಾಡಬೇಡಿ, ದೂರದಿಂದಲೇ ನಮ್ ಕಂಪ್ಯೂಟರ್ ಓಡಿಸೋಕೆ ಬಿಡೋ ಎನಿಡೆಸ್ಕ್ ಹಾಕಿ ಅಂತ ಯಾರು ಹೇಳಿದ್ರೂ ಹಾಕಬೇಡಿ, ದುಡ್ಡು ಹೋಗಿದ್ರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿದಾರೆ.

ವಿಂಡೋಸ್ 10 ಬಗ್ಗೆ ಎಲ್ರೂ ಕೇಳ್ತಾರೆ, ನಾನೂ ಕೇಳಿದೆ. 2025 ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸ್ತಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಭಾಗ ಬೇಕು, ಇಂಟೆಲ್ ಆದ್ರೆ ಸುಮಾರಾಗಿ ಎಂಟನೇ ಜನರೇಷನ್‌ನಿಂದ ಮೇಲೆ, ನಮ್ದು ಆರನೇದು. ಅಡ್ಡದಾರೀಲಿ ಹಾಕ್ಬಹುದು, ಆದ್ರೆ ಮುಂದಿನ ಅಪ್‌ಡೇಟ್ ಬರತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ ಅಂದ್ರು ಅಣ್ಣ. ಅದರ ಬದ್ಲು ಸೆಕ್ಯುರಿಟಿ ಅಪ್‌ಡೇಟ್ ಇನ್ನೊಂದು ವರ್ಷ, 2026 ಅಕ್ಟೋಬರ್ 13ರವರೆಗೆ ಸಿಗೋ ಸ್ಕೀಮ್ ಇದೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೊಡದೇನೇ ಸೇರ್ಕೋಬಹುದು ಅಂತ ಹೇಳಿ ಯಾವ ಬಟನ್ ಎಲ್ಲಿದೆ ಅಂತ ತೋರಿಸಿದ್ರು, ನಾನೇ ಮನೇಲಿ ಮಾಡ್ಕೊಂಡೆ. ಆಮೇಲೆ ಬೇಕಾದ್ರೆ ವಿಂಡೋಸ್ ಬದ್ಲು ಫ್ರೀಯಾಗಿ ಸಿಗೋ ಲಿನಕ್ಸ್ ಮಿಂಟ್ ಹಾಕೋಣ, ಪೆನ್‌ಡ್ರೈವಿಂದ ಓಡಿಸಿ ನೋಡಿ, ಹಿಡಿಸಿದ್ರೆ ಮಾತ್ರ ಅಂದಿದಾರೆ. ಹೊಸ ಕಂಪ್ಯೂಟರ್ ಮಾರೋಕೆ ಇದಕ್ಕಿಂತ ಒಳ್ಳೇ ನೆಪ ಸಿಗ್ತಿರ್ಲಿಲ್ಲ, ಮಾರ್ಲಿಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ಮೆಟ್ಲು ತುಂಬಾ ಕಡಿದು, ಲಿಫ್ಟ್ ಇಲ್ಲ, ವಯಸ್ಸಾದವ್ರು ಕೆಳಗೆ ನಿಂತು ಫೋನ್ ಮಾಡಿದ್ರೆ ಹುಡುಗ ಬಂದು ಸಿಪಿಯು ಎತ್ಕೊಂಡ್ ಹೋಗ್ತಾನೆ ನಿಜ, ಆದ್ರೆ ಹಗಲು ಹೊತ್ತು ಫೋನ್ ಎತ್ತೋದೇ ಅಪರೂಪ, ನಾನು ಒಂದಿನ ಎಂಟು ಸಲ ಮಾಡಿದೀನಿ. ಇದನ್ನ ಸರಿ ಮಾಡ್ಕೋಬೇಕು. ಕಾರ್ ನಿಲ್ಸೋಕೆ ಜಾಗ ಇಲ್ಲ. ಒಬ್ರೇ ಆಗಿರೋದ್ರಿಂದ ಕೆಲಸ ನಿಧಾನ, ನನ್ ಸಿಪಿಯು ಎರಡು ದಿನ ಅಂದಿದ್ದು ನಾಲ್ಕು ದಿನ ಆಯ್ತು, ಟ್ಯೂಷನ್ ಟೆಸ್ಟ್ ಮುಂದಕ್ಕೆ ಹಾಕ್ಬೇಕಾಯ್ತು. ಲ್ಯಾಪ್‌ಟಾಪ್ ಚಿಪ್ ಲೆವೆಲ್ ಕೆಲಸ, ಅಂದ್ರೆ ಬೋರ್ಡಿನ ಮೇಲಿನ ಚಿಪ್ ರಿಪೇರಿ, ಇವ್ರು ಮಾಡಲ್ಲ, ಹೊರಗೆ ಕಳಿಸ್ತಾರೆ, ವಾರ ಹತ್ತು ದಿನ ಹಿಡಿಯತ್ತೆ. ಮನೆಗೆ ಬರಲ್ಲ. ಕ್ರ್ಯಾಕ್ ಸಾಫ್ಟ್‌ವೇರ್, ಅಂದ್ರೆ ದುಡ್ಡು ಕೊಡದೆ ಕದ್ದು ಬಳಸೋದು, ಹಾಕ್ಕೊಡಲ್ಲ, ಅದಕ್ಕೆ ಜಗಳ ಮಾಡಿ ಹೋದವ್ರನ್ನೂ ನೋಡಿದೀನಿ, ನನ್ ಪ್ರಕಾರ ಅದು ಕೊರತೆ ಅಲ್ಲ.

ಹೋಗೋರು ಸ್ಕ್ರೀನಿನ ಫೋಟೋ, ಲ್ಯಾಪ್‌ಟಾಪ್ ಆದ್ರೆ ಚಾರ್ಜರ್, ಪಾಸ್‌ವರ್ಡ್ ತಿಳಿದಿರೋ ಮನುಷ್ಯ, ಇಷ್ಟು ಜೊತೇಲಿ ಇಟ್ಕೊಂಡ್ ಹೋಗಿ. ಐದೂವರೆಗೇ ಹೋದ್ರೆ ಕುರ್ಚಿ ಸಿಗತ್ತೆ. ಭಾನುವಾರ ರಜೆ. ನಿನ್ನೆ ರಾತ್ರಿಯಿಂದ ನಮ್ ಯುಪಿಎಸ್ ಕೂಗೋಕೆ ಶುರು ಮಾಡಿದೆ, ಕರೆಂಟ್ ಇದ್ದಾಗ ಸುಮ್ನಿರತ್ತೆ, ಹೋದ ತಕ್ಷಣ ಎರಡು ಸಲ ಕೂಗಿ ಹನ್ನೆರಡು ಸೆಕೆಂಡಿಗೆ ಆಫ್, ಬ್ಯಾಟರಿ ತಗೊಂಡಿದ್ದು ಮೂರೂವರೆ ವರ್ಷದ ಹಿಂದೆ. ಚೀಟೀಲಿ ಬರ್ದಿಟ್ಟಿದೀನಿ, ಸೋಮವಾರ ತಗೊಂಡ್ ಹೋಗ್ತೀನಿ.